ಮಂಗಳವಾರದ ಸಂತ: ಪಾದುವಾದ ಅಂತೋನಿ

ಮಂಗಳವಾರ ಬಂತೆಂದರೆ ಅನೇಕ ಇಗರ್ಜಿಗಳಲ್ಲಿ ಸಂತ ಅಂತೋನಿಯವರ ನೊವೆನಾ ನಡೆಯುತ್ತದೆ. ಕಳೆದುಹೋದ ವಸ್ತುವಿಗಾಗಿ ಬೇಡುವವರು, ಮದುವೆ, ಸಂತಾನ, ಉದ್ಯೋಗಕ್ಕಾಗಿ ಹರಕೆ ಹೊತ್ತವರು ಆ ದಿನ ಅವರ ಪ್ರತಿಮೆಯ ಮುಂದೆ ಮೊಂಬತ್ತಿ ಹಚ್ಚುತ್ತಾರೆ. ವಾರದ ಏಳು ದಿನಗಳಲ್ಲಿ ಮಂಗಳವಾರವೇ ಏಕೆ? ಇದಕ್ಕೆ ಉತ್ತರ ಅವರ ಜೀವನದ ಕೊನೆಯಲ್ಲಿದೆ.

ಲಿಸ್ಬನ್‌ನಿಂದ ಇಟಲಿಗೆ

ಸುಮಾರು 1195ರಲ್ಲಿ ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ ಸ್ಥಿತಿವಂತ ಕುಟುಂಬವೊಂದರಲ್ಲಿ ಜನಿಸಿದ ಇವರ ಮೊದಲ ಹೆಸರು ಫೆರ್ನಾಂದೊ. ಎಳೆಯ ವಯಸ್ಸಿನಲ್ಲೇ ಸಂತ ಅಗಸ್ತೀನರ ನಿಯಮವನ್ನು ಪಾಲಿಸುವ ಮಠವನ್ನು ಸೇರಿ, ಮುಂದೆ ಕೊಯಿಂಬ್ರಾದ ಮಠದಲ್ಲಿ ಪವಿತ್ರ ಗ್ರಂಥವನ್ನು ಆಳವಾಗಿ ಅಭ್ಯಾಸ ಮಾಡಿದರು. 1220ರಲ್ಲಿ ಮೊರೊಕ್ಕೊದಲ್ಲಿ ರಕ್ತಸಾಕ್ಷಿಗಳಾದ ಐವರು ಫ್ರಾನ್ಸಿಸ್ಕನ್ ಸಹೋದರರ ಪವಿತ್ರ ಅವಶೇಷಗಳನ್ನು ಆ ಊರಿಗೆ ತರಲಾಯಿತು. ಅವರಂತೆಯೇ ಪ್ರಾಣ ಕೊಡಬೇಕೆಂಬ ಆಸೆಯಿಂದ ಫೆರ್ನಾಂದೊ ಫ್ರಾನ್ಸಿಸ್ಕನ್ ಸಭೆಗೆ ಸೇರಿ ಅಂತೋನಿ ಎಂಬ ಹೆಸರು ಪಡೆದರು.

ಆದರೆ ದೇವರ ಯೋಜನೆ ಬೇರೆಯೇ ಇತ್ತು. ಮೊರೊಕ್ಕೊ ತಲುಪಿದ ಅಂತೋನಿ ಕಾಯಿಲೆ ಬಿದ್ದರು. ಊರಿಗೆ ಹಿಂದಿರುಗುವಾಗ ಬಿರುಗಾಳಿಗೆ ಸಿಕ್ಕಿದ ಹಡಗು ಅವರನ್ನು ಸಿಸಿಲಿ ದ್ವೀಪಕ್ಕೆ ತಂದುಬಿಟ್ಟಿತು. ಅಲ್ಲಿಂದ ಅಸ್ಸಿಸಿಗೆ ಹೋಗಿ 1221ರ ಮಹಾಸಭೆಯಲ್ಲಿ ಭಾಗವಹಿಸಿದರು. ಬಳಿಕ ಮೊಂತೆ ಪಾವೊಲೊ ಎಂಬಲ್ಲಿನ ಪುಟ್ಟ ಆಶ್ರಮದಲ್ಲಿ ಯಾರ ಗಮನಕ್ಕೂ ಬಾರದೆ ಬಾಳಿದರು. 1222ರಲ್ಲಿ ಫೊರ್ಲಿ ಎಂಬ ಊರಿನಲ್ಲಿ ನಡೆದ ಗುರುದೀಕ್ಷೆಯ ಸಂದರ್ಭದಲ್ಲಿ ಪ್ರಬೋಧನೆ ನೀಡಲು ಯಾರೂ ಸಿದ್ಧರಿರಲಿಲ್ಲ. ಹಿರಿಯರ ಅಪ್ಪಣೆಯಂತೆ ಅಂತೋನಿ ಎದ್ದು ಮಾತಾಡಿದಾಗ ಅವರ ಜ್ಞಾನ ಎಲ್ಲರಿಗೂ ತಿಳಿಯಿತು. ಅಂದಿನಿಂದ ಉತ್ತರ ಇಟಲಿ ಮತ್ತು ದಕ್ಷಿಣ ಫ್ರಾನ್ಸಿನಲ್ಲಿ ಅವರು ಶುಭಸಂದೇಶ ಸಾರಿದರು. ಸಹೋದರರಿಗೆ ದೈವಶಾಸ್ತ್ರ ಕಲಿಸಲು ಸಂತ ಫ್ರಾನ್ಸಿಸರೇ ಅವರಿಗೆ ಅನುಮತಿ ನೀಡಿದರು.

ಸಾಲಗಾರರ ಪರವಾಗಿ

1231ರ ತಪಸ್ಸುಕಾಲದಲ್ಲಿ ಅಂತೋನಿ ಪಾದುವಾದಲ್ಲಿ ಪ್ರತಿದಿನ ಪ್ರಬೋಧನೆ ನೀಡಿದರು. ಇಗರ್ಜಿಗಳು ಸಾಲದೆ ಜನರು ಬಯಲಿನಲ್ಲಿ ಸೇರಿದರು. ಉಪವಾಸವಿದ್ದುಕೊಂಡೇ ಅವರು ಸಂಜೆಯವರೆಗೂ ಪಾಪನಿವೇದನೆ ಕೇಳುತ್ತಿದ್ದರು. ವೈರಿಗಳು ರಾಜಿಯಾದರು, ಅನ್ಯಾಯದ ಬಡ್ಡಿ ಪಡೆದವರು ಅದನ್ನು ಹಿಂದಿರುಗಿಸಿದರು.

ಆ ಕಾಲದಲ್ಲಿ ಸಾಲ ತೀರಿಸಲಾಗದವರನ್ನು ಸೆರೆಮನೆಗೆ ತಳ್ಳಲಾಗುತ್ತಿತ್ತು. ದುಡಿಯುವ ಕೈ ಸೆರೆಯಲ್ಲಿದ್ದರೆ ಮನೆಮಂದಿಯ ಹೊಟ್ಟೆಗೆ ಗತಿಯೇನು? ಅಂತೋನಿ ನಗರದ ಆಡಳಿತಗಾರರ ಬಳಿ ಸಾಲಗಾರರ ಪರವಾಗಿ ಬೇಡಿಕೊಂಡರು. 1231ರ ಮಾರ್ಚ್ 15ರಂದು ಪಾದುವಾ ನಗರ ಹೊಸ ಕಾನೂನು ಮಾಡಿತು. ತನ್ನ ಆಸ್ತಿಯನ್ನು ಒಪ್ಪಿಸಿದ ಸಾಲಗಾರನನ್ನು ಇನ್ನು ಸೆರೆಯಲ್ಲಿಡುವಂತಿರಲಿಲ್ಲ. ಅಂತೋನಿಯವರ ಕೋರಿಕೆಯ ಮೇರೆಗೆ ಇದನ್ನು ಮಾಡಲಾಗಿದೆ ಎಂಬುದು ಆ ಕಾನೂನಿನಲ್ಲೇ ದಾಖಲಾಗಿದೆ.

ಆ ಮಂಗಳವಾರ

ದಣಿದ ಅಂತೋನಿ ವಿಶ್ರಾಂತಿಗೆಂದು ಕಂಪೊಸಂಪಿಯೆರೊ ಎಂಬ ಹಳ್ಳಿಗೆ ಹೋದರು. ಜೂನ್ 13, ಶುಕ್ರವಾರ ಅವರ ಆರೋಗ್ಯ ತೀರಾ ಕೆಟ್ಟಿತು. ಎತ್ತಿನ ಗಾಡಿಯಲ್ಲಿ ಪಾದುವಾಕ್ಕೆ ಕರೆದೊಯ್ಯುವಾಗ ನಗರದ ಹೊರಗಿನ ಅರ್ಚೆಲ್ಲಾದಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ ಇನ್ನೂ ನಲ್ವತ್ತು ತುಂಬಿರಲಿಲ್ಲ. ಅವರ ಪಾರ್ಥಿವ ಶರೀರ ತಮಗೇ ಬೇಕೆಂದು ಅಲ್ಲಿನ ಜನ ಪಟ್ಟು ಹಿಡಿದರು. ಜಗಳ ತಣ್ಣಗಾಗಲು ದಿನಗಳೇ ಬೇಕಾದವು. ಕೊನೆಗೆ ಜೂನ್ 17, ಮಂಗಳವಾರ ಧರ್ಮಾಧ್ಯಕ್ಷರು, ಗುರುಗಳು ಮತ್ತು ಅಪಾರ ಜನರ ಮೆರವಣಿಗೆಯಲ್ಲಿ ಅವರ ಶರೀರವನ್ನು ತಂದು ಪಾದುವಾದ ಮರಿಯಮ್ಮನವರ ಇಗರ್ಜಿಯಲ್ಲಿ ಸಮಾಧಿ ಮಾಡಲಾಯಿತು. ಆ ದಿನವೇ ಅನೇಕ ರೋಗಿಗಳು ಗುಣ ಹೊಂದಿದರೆಂದು ಅವರ ಪ್ರಾಚೀನ ಚರಿತ್ರೆ ಹೇಳುತ್ತದೆ. ಹೀಗೆ ಮಂಗಳವಾರ ಅವರ ದಿನವಾಯಿತು. ಒಂದು ವರ್ಷ ತುಂಬುವ ಮೊದಲೇ, 1232ರ ಮೇ 30ರಂದು, ಪೋಪ್ ಒಂಬತ್ತನೇ ಗ್ರೆಗೊರಿ ಅವರನ್ನು ಸಂತರೆಂದು ಘೋಷಿಸಿದರು. 1946ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಅವರಿಗೆ ಧರ್ಮಸಭೆಯ ಪಂಡಿತ ಎಂಬ ಗೌರವ ನೀಡಿದರು.

ಒಂಬತ್ತು, ಹದಿಮೂರು ಮಂಗಳವಾರ

ಸತತ ಮಂಗಳವಾರಗಳ ಭಕ್ತಿ ಹಬ್ಬಿದ್ದು 17ನೇ ಶತಮಾನದಲ್ಲಿ. 1617ರಲ್ಲಿ ಇಟಲಿಯ ಬೊಲೊಞ್ಞಾದಲ್ಲಿ ಮಕ್ಕಳಿಲ್ಲದ ಸ್ತ್ರೀಯೊಬ್ಬಳು ಒಂಬತ್ತು ಮಂಗಳವಾರ ಪ್ರಾರ್ಥಿಸಿ ಮಗುವಿನ ವರ ಪಡೆದಳೆಂಬುದು ಪ್ರತೀತಿ. ಮುಂದೆ, ಸಂತರು ಮರಣ ಹೊಂದಿದ 13ನೇ ತಾರೀಕಿನ ನೆನಪಿಗೆ, ಹದಿಮೂರು ಮಂಗಳವಾರಗಳ ಪದ್ಧತಿಯೂ ಬೆಳೆಯಿತು. ಪಾಪನಿವೇದನೆ, ಬಲಿಪೂಜೆ ಮತ್ತು ಪರಮಪ್ರಸಾದ ಸ್ವೀಕಾರ ಈ ಭಕ್ತಿಯ ಜೀವಾಳ.

1890ರಲ್ಲಿ ಫ್ರಾನ್ಸಿನ ತುಲೋನ್ ನಗರದಲ್ಲಿ ಇದಕ್ಕೆ ಇನ್ನೊಂದು ಪದ್ಧತಿ ಕೂಡಿಕೊಂಡಿತು. ಅಂಗಡಿಯ ಬೀಗ ತೆರೆಯದೆ ಕಂಗಾಲಾದ ಮಹಿಳೆಯೊಬ್ಬಳು ಬಡವರಿಗೆ ರೊಟ್ಟಿ ಕೊಡುವ ಹರಕೆ ಹೊತ್ತಳು, ಬಾಗಿಲು ತೆರೆಯಿತು. ಸಂತ ಅಂತೋನಿಯವರ ರೊಟ್ಟಿ ಎಂಬ ಈ ದಾನ ಅಲ್ಲಿಂದ ಲೋಕಕ್ಕೆಲ್ಲ ಹಬ್ಬಿತು. ಮಂಗಳೂರಿನ ಜೆಪ್ಪುವಿನಲ್ಲಿ ಅವರ ಹೆಸರಿನ ಆಶ್ರಮವು ನಿರ್ಗತಿಕರಿಗೆ ನೆರಳಾಗಿರುವುದು ಇದೇ ಭಕ್ತಿಯ ಫಲ.

ಕಳೆದುಹೋದ ಬೀಗದ ಕೈಯನ್ನು ಹುಡುಕಿಕೊಡಿರೆಂದು ಈ ಸಂತರಲ್ಲಿ ಕೇಳುವುದು ತಪ್ಪಲ್ಲ. ಆದರೆ ಅವರು ತಮ್ಮ ಕೊನೆಯ ತಿಂಗಳುಗಳಲ್ಲಿ ಹುಡುಕಿದ್ದು ದೇವರಿಂದ ದೂರವಾದ ಆತ್ಮಗಳನ್ನು, ಸಾಲದಲ್ಲಿ ಸಿಲುಕಿದ ಬಡವರನ್ನು. ಮುಂದಿನ ಮಂಗಳವಾರ ಅವರ ಪ್ರತಿಮೆಯ ಮುಂದೆ ನಮ್ಮ ಬೇಡಿಕೆಯನ್ನು ಇಡುವಾಗ, ನಮ್ಮ ವಾಳೆಯಲ್ಲಿ ಸಾಲದಿಂದ ನರಳುತ್ತಿರುವ ಒಂದು ಕುಟುಂಬವನ್ನೂ ನೆನೆಯೋಣ; ನಮ್ಮ ಕೈಲಾದಷ್ಟು ನೆರವಾಗೋಣ. ಸಂತ ಅಂತೋನಿಯವರು ನಮಗಾಗಿ ಪ್ರಾರ್ಥಿಸಲಿ.