ವಾಗ್ಮಿ ಡೆಮಾಸ್ತನೀಸ್
ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಉಗ್ಗುವ ಮಗುವಿನ ನಾಲಗೆಗೆ ಹಿರಿಯರು ಬಜೆ ತೇಯ್ದು ಹಚ್ಚುವರು. ಉಪಾಧ್ಯಾಯರು ಡೆಮಾಸ್ತನೀಸನ ಕಥೆ ಹೇಳುವರು. ಕ್ರಿ.ಪೂ. ೩೮೪ರಲ್ಲಿ ಅಥೆನ್ಸಿನಲ್ಲಿ ಜನಿಸಿದ ಈತನಿಗೆ ೭ನೆಯ ವಯಸ್ಸಿನಲ್ಲಿಯೇ ಪಿತೃವಿಯೋಗವಾಯಿತು. ಪೋಷಕರು ಆಸ್ತಿಯನ್ನು ನುಂಗಿದರು. ಕ್ಷೀಣ ಕಂಠ, ಮೊಟಕು ಉಸಿರು, ತೊಡರುವ ನಾಲಗೆ. ಜನಸಭೆಯಲ್ಲಿ ಮಾಡಿದ ಪ್ರಥಮ ಭಾಷಣವು ನಗೆಪಾಟಲಾಯಿತು. ಬಳಿಕ ಬಾಯಲ್ಲಿ ಬೆಣಚುಕಲ್ಲುಗಳನ್ನಿರಿಸಿಕೊಂಡು ಪಠಿಸಿದನೆಂದೂ, ನೆಲಮಾಳಿಗೆಯಿಂದ ಹೊರಬರಲು ನಾಚಿಕೆಯಾಗಲೆಂದು ಅರ್ಧತಲೆ ಬೋಳಿಸಿಕೊಂಡನೆಂದೂ ಪ್ಲೂಟಾರ್ಕನು ಬರೆದಿದ್ದಾನೆ.

ಆ ಕಲ್ಲನ್ನು ಮಾತ್ರ ನಮ್ಮ ಮಕ್ಕಳ ಬಾಯಿಗಿಡಲಾಗದು. ಉಗ್ಗು ಸೋಮಾರಿತನದ ಫಲವಲ್ಲ, ನಾಲಗೆಯ ದೋಷವೂ ಅಲ್ಲ. ಮಿದುಳಿನ ಬೆಳವಣಿಗೆಗೂ ಅನುವಂಶಕ್ಕೂ ಸೇರಿದುದೆಂಬುದು ಇಂದಿನ ಶಾಸ್ತ್ರದ ನಿರ್ಣಯ. ಮಗುವಿನ ಮಾತನ್ನು ನಾವೇ ಪೂರೈಸದೆ ಕಾದು ಕೇಳಬೇಕು. ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಚಿಕಿತ್ಸೆಯುಂಟು.

ಮ್ಯಾಸಿಡೋನಿಯದ ದೊರೆ ಫಿಲಿಪನ ವಿರುದ್ಧ ಆಡಿದ ಭಾಷಣಗಳಿಂದ ಡೆಮಾಸ್ತನೀಸನು ಗ್ರೀಕರ ವಾಗ್ಮಿಗಳಲ್ಲಿ ಅಗ್ರಗಣ್ಯನಾದನು. ಆದರೂ ಪೂರ್ವಸಿದ್ಧತೆಯಿಲ್ಲದೆ ಮಾತನಾಡಲು ಹಿಂಜರಿಯುತ್ತಿದ್ದನು. ಕ್ರಿ.ಪೂ. ೩೪೬ರ ರಾಯಭಾರದಲ್ಲಿ, ಅದೇ ಫಿಲಿಪನ ಸಮ್ಮುಖದಲ್ಲಿ, ಅವನ ಮಾತು ನಡುವೆಯೇ ನಿಂತುಹೋಯಿತೆಂದು ಪ್ರತಿಸ್ಪರ್ಧಿ ಈಸ್ಕಿನೀಸನು ದಾಖಲಿಸಿದ್ದಾನೆ; ವೈರಿಯ ಮಾತಾದರೂ ಅಸಂಭವವೆನ್ನಲಾಗದು. ಕ್ರಿ.ಪೂ. ೩೨೨ರಲ್ಲಿ ಮ್ಯಾಸಿಡೋನಿಯದ ಭಟರು ಬೆನ್ನಟ್ಟಲು, ಕಲೌರಿಯ ದ್ವೀಪದ ದೇವಾಲಯದಲ್ಲಿ ಆಶ್ರಯ ಪಡೆದು, ಅಲ್ಲಿಯೇ ವಿಷವನ್ನು ಸೇವಿಸಿ ಪ್ರಾಣಬಿಟ್ಟನು.