ಎರಡು ಅಂಗಳದ ರಾಣಿ ಓರಾ

ವಾರವೆಲ್ಲ ಬೇರೆಯವರ ಮನೆಯಲ್ಲಿ ಕಸ ಗುಡಿಸಿ, ಬಟ್ಟೆ ಒಗೆದು, ಅಡುಗೆ ಮಾಡುವ ಕೆಲಸ. ಬಿಡುವು ಸಿಕ್ಕಾಗ ಚಳಿಗಾಲವಾದರೆ ಬ್ಯಾಸ್ಕೆಟ್‌ಬಾಲ್, ಬೇಸಿಗೆಯಾದರೆ ಟೆನಿಸ್. ಎರಡರಲ್ಲೂ ದೇಶದ ಚಾಂಪಿಯನ್! ಇದು ಕಟ್ಟುಕಥೆಯಲ್ಲ. ಅಮೆರಿಕದ ಕಪ್ಪುವರ್ಣದ ಆಟಗಾರ್ತಿ ಓರಾ ವಾಷಿಂಗ್ಟನ್ ಬದುಕಿದ್ದೇ ಹೀಗೆ. 1930ರ ದಶಕದಲ್ಲಿ ಅಲ್ಲಿನ ಕಪ್ಪುಜನರ ಪತ್ರಿಕೆಗಳನ್ನು ಓದುತ್ತಿದ್ದವರಿಗೆಲ್ಲ ಅವರ ಹೆಸರು ಗೊತ್ತಿತ್ತು. ಬಿಳಿಯರ ಪತ್ರಿಕೆಗಳನ್ನು ಓದುತ್ತಿದ್ದವರಲ್ಲಿ ಹೆಚ್ಚಿನವರಿಗೆ ಅಂಥ ಒಬ್ಬರು ಇದ್ದಾರೆ ಎಂಬುದೇ ತಿಳಿದಿರಲಿಲ್ಲ.

ಓರಾ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ವರ್ಷಗಳಲ್ಲಿ, ವರ್ಜೀನಿಯಾ ರಾಜ್ಯದ ಕ್ಯಾರೊಲೈನ್ ಕೌಂಟಿಯ ಒಂದು ಹಳ್ಳಿಯಲ್ಲಿ. 1896ರಿಂದ 1912ರವರೆಗೆ ಆ ರಾಜ್ಯದಲ್ಲಿ ಸರ್ಕಾರ ಜನನ ನೋಂದಣಿಯನ್ನೇ ಮಾಡುತ್ತಿರಲಿಲ್ಲ. ಹಾಗಾಗಿ ಅವರಿಗೆ ಜನ್ಮ ಪ್ರಮಾಣಪತ್ರ ಎಂಬುದೇ ಇರಲಿಲ್ಲ. ರೈತ ಕುಟುಂಬ, ಮನೆ ತುಂಬ ಮಕ್ಕಳು. ಓರಾ ಇನ್ನೂ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ದಕ್ಷಿಣದ ರಾಜ್ಯಗಳಲ್ಲಿ ಆಗ ಶಾಲೆ, ರೈಲು, ಉದ್ಯಾನ ಎಲ್ಲದರಲ್ಲೂ ಕಪ್ಪುಜನರಿಗೆ ಬೇರೆ ಜಾಗ, ಬೇರೆ ಕಾನೂನು. ಜಮೀನಿನಿಂದ ಹೊಟ್ಟೆ ತುಂಬುವುದೂ ಕಷ್ಟವಾಗಿತ್ತು. ಲಕ್ಷಾಂತರ ಕಪ್ಪು ಕುಟುಂಬಗಳು ಕೆಲಸ ಹುಡುಕಿಕೊಂಡು ಉತ್ತರದ ನಗರಗಳಿಗೆ ಗುಳೆ ಹೊರಟ ಕಾಲ ಅದು. ಓರಾ ಕುಟುಂಬದವರೂ ಅದೇ ದಾರಿ ಹಿಡಿದು ಫಿಲಡೆಲ್ಫಿಯಾ ನಗರದ ಜರ್ಮನ್‌ಟೌನ್ ಬಡಾವಣೆ ಸೇರಿದರು.

ನಗರಕ್ಕೆ ಬಂದ ಮಾತ್ರಕ್ಕೆ ಎಲ್ಲ ಬಾಗಿಲುಗಳೂ ತೆರೆಯಲಿಲ್ಲ. ಕಚೇರಿ, ಅಂಗಡಿ, ಕಾರ್ಖಾನೆಗಳಲ್ಲಿ ಕಪ್ಪು ಹೆಣ್ಣುಮಕ್ಕಳಿಗೆ ಕೆಲಸ ಸಿಗುವುದು ಅಪರೂಪ. ಉಳಿದದ್ದು ಬಿಳಿಯರ ಮನೆಗೆಲಸ. ಓರಾ ಯಜಮಾನರ ಮನೆಯಲ್ಲೇ ಉಳಿದುಕೊಂಡು ಕೆಲಸ ಮಾಡುವ ಆಳಾಗಿ ಸೇರಿದರು. ಮುಂದೆ ಎಷ್ಟು ಕಪ್ ಗೆದ್ದರೂ ಜೀವನೋಪಾಯಕ್ಕೆ ಅವರು ನೆಚ್ಚಿಕೊಂಡದ್ದು ಮನೆಗೆಲಸವನ್ನೇ.

ಜರ್ಮನ್‌ಟೌನ್‌ನಲ್ಲಿ ವೈಡಬ್ಲ್ಯೂಸಿಎ ಸಂಸ್ಥೆಯು ಕಪ್ಪು ಮಹಿಳೆಯರಿಗಾಗಿ ಪ್ರತ್ಯೇಕ ಶಾಖೆಯೊಂದನ್ನು ನಡೆಸುತ್ತಿತ್ತು. ಅಲ್ಲಿ ಟೆನಿಸ್ ಆಡಬಹುದಿತ್ತು, ಬ್ಯಾಸ್ಕೆಟ್‌ಬಾಲ್ ಕಲಿಯಬಹುದಿತ್ತು. ಅಕ್ಕತಂಗಿಯರಲ್ಲಿ ಒಬ್ಬರು ತೀರಿಹೋದ ದುಃಖ ಮರೆಯಲೆಂದು ಓರಾ ಟೆನಿಸ್ ರ‍್ಯಾಕೆಟ್ ಹಿಡಿದರು ಎಂದು ಹೇಳುತ್ತಾರೆ. ಕಾರಣ ಏನೇ ಇರಲಿ, ಆಗ ಅವರ ವಯಸ್ಸು ಇಪ್ಪತ್ತೈದರ ಆಸುಪಾಸು. ಇಂದಿನ ಲೆಕ್ಕದಲ್ಲಿ ಆಟ ಶುರು ಮಾಡಲು ತೀರಾ ತಡವಾದ ವಯಸ್ಸು. ಆದರೆ ಒಂದೆರಡು ವರ್ಷಗಳಲ್ಲೇ ಅವರು ಹಳೆಯ ಆಟಗಾರ್ತಿಯರನ್ನು ಸೋಲಿಸತೊಡಗಿದರು.

ಬಿಳಿಯರ ಟೆನಿಸ್ ಸಂಘದ ಪಂದ್ಯಾವಳಿಗಳಿಗೆ ಆಗ ಕಪ್ಪು ಆಟಗಾರರಿಗೆ ಪ್ರವೇಶವಿರಲಿಲ್ಲ. ಅದಕ್ಕೇ ಕಪ್ಪುಜನರು 1916ರಲ್ಲಿ ಅಮೆರಿಕನ್ ಟೆನಿಸ್ ಅಸೋಸಿಯೇಷನ್ ಎಂಬ ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ಓರಾ 1925ರಲ್ಲಿ ಗೆಳತಿ ಲುಲು ಬ್ಯಾಲರ್ಡ್ ಜೊತೆ ಈ ಸಂಘದ ರಾಷ್ಟ್ರೀಯ ಡಬಲ್ಸ್ ಪ್ರಶಸ್ತಿ ಗೆದ್ದರು. ಅಲ್ಲಿಂದ 1936ರವರೆಗೆ ಸತತ ಹನ್ನೆರಡು ವರ್ಷ ಡಬಲ್ಸ್ ಕಿರೀಟ ಅವರ ಕೈತಪ್ಪಲಿಲ್ಲ. 1929ರಲ್ಲಿ ಮೊದಲ ಸಿಂಗಲ್ಸ್ ಪ್ರಶಸ್ತಿ ಬಂತು. 1935ರವರೆಗೆ ಏಳು ವರ್ಷ ಸಾಲಾಗಿ ಗೆದ್ದರು. 1936ರಲ್ಲಿ ಲುಲು ಬ್ಯಾಲರ್ಡ್ ಎದುರು ಸೋತು, ಮರುವರ್ಷ ಮತ್ತೆ ಗೆದ್ದರು. ಒಟ್ಟು ಎಂಟು ಸಿಂಗಲ್ಸ್ ಪ್ರಶಸ್ತಿ. ಅವರು ರ‍್ಯಾಕೆಟ್ಟಿನ ಹಿಡಿಯನ್ನು ಮೇಲಕ್ಕೆ ಹಿಡಿಯುತ್ತಿದ್ದರು, ಪೂರ್ತಿ ಬೀಸಿ ಹೊಡೆಯುತ್ತಿದ್ದುದೇ ಕಡಿಮೆ. ತರಬೇತುದಾರರು ಒಪ್ಪುವ ಶೈಲಿ ಅದಲ್ಲ. ಆದರೆ ಕಾಲಿನ ವೇಗ ಮತ್ತು ಚೆಂಡು ಎಲ್ಲಿಗೆ ಬರುತ್ತದೆಂಬ ಅಂದಾಜು ಅವರನ್ನು ಗೆಲ್ಲಿಸುತ್ತಿತ್ತು.

ಓರಾ ಮೊದಲ ಸಿಂಗಲ್ಸ್ ಗೆದ್ದ 1929ರಲ್ಲೇ ರೆಜಿನಾಲ್ಡ್ ವೀರ್ ಮತ್ತು ಜೆರಾಲ್ಡ್ ನಾರ್ಮನ್ ಎಂಬ ಇಬ್ಬರು ಕಪ್ಪು ಯುವಕರು ಬಿಳಿಯರ ಸಂಘದ ಜೂನಿಯರ್ ಒಳಾಂಗಣ ಪಂದ್ಯಾವಳಿಗೆ ಅರ್ಜಿ ಹಾಕಿದ್ದರು. ಬಣ್ಣದ ಕಾರಣಕ್ಕೆ ಅವರನ್ನು ಆಡಲು ಬಿಡಲಿಲ್ಲ. ಅದೇ ಕಾಲದಲ್ಲಿ ಬಿಳಿಯರ ಟೆನಿಸ್‌ನ ದೊಡ್ಡ ಹೆಸರು ಹೆಲೆನ್ ವಿಲ್ಸ್ ಮೂಡಿ. ಹತ್ತೊಂಬತ್ತು ಗ್ರ್ಯಾಂಡ್‌ಸ್ಲಾಂ ಸಿಂಗಲ್ಸ್ ಗೆದ್ದವರು. ಅವರ ಎದುರು ಓರಾ ಒಂದು ಪಂದ್ಯ ಆಡಿದ್ದರೆ ಫಲಿತಾಂಶ ಏನಾಗುತ್ತಿತ್ತು? ಆ ಪಂದ್ಯ ನಡೆಯಲೇ ಇಲ್ಲ. ತಾನು ಎಷ್ಟು ದೊಡ್ಡ ಆಟಗಾರ್ತಿ ಎಂದು ಅಳೆದು ನೋಡುವ ಅವಕಾಶವೇ ಓರಾಗೆ ಸಿಗಲಿಲ್ಲ.

ಇನ್ನು ಬ್ಯಾಸ್ಕೆಟ್‌ಬಾಲ್. 1891ರಲ್ಲಿ ಜೇಮ್ಸ್ ನೈಸ್ಮಿತ್ ಈ ಆಟವನ್ನು ಹುಟ್ಟುಹಾಕಿದ ಮರುವರ್ಷವೇ ಹೆಣ್ಣುಮಕ್ಕಳು ಆಡತೊಡಗಿದ್ದರು. ಆದರೆ ಅವರ ಮೈಗೆ ಹೆಚ್ಚು ಶ್ರಮವಾಗಬಾರದು ಎಂದು ಬೇರೆ ನಿಯಮ ಮಾಡಲಾಯಿತು. ಅಂಗಳವನ್ನು ಭಾಗಗಳಾಗಿ ಗೆರೆ ಎಳೆದು, ಆಟಗಾರ್ತಿ ತನ್ನ ಭಾಗ ಬಿಟ್ಟು ಓಡುವಂತಿಲ್ಲ ಎಂದರು. ಚೆಂಡನ್ನು ನೆಲಕ್ಕೆ ಬಡಿಯುತ್ತ ಸಾಗುವುದಕ್ಕೂ ಮಿತಿ ಹಾಕಿದರು. ಆಟ ಬೇಕಿತ್ತು, ಓಟ ಬೇಡವಾಗಿತ್ತು! ಫಿಲಡೆಲ್ಫಿಯಾದ ಕಪ್ಪು ಹುಡುಗಿಯರು ಈ ನಿಯಮದಲ್ಲೂ ಆಡಿದರು, ಇಡೀ ಅಂಗಳ ಓಡಾಡುವ ಗಂಡಸರ ನಿಯಮದಲ್ಲೂ ಆಡಿದರು.

1930ರಲ್ಲಿ ಓರಾ ವೈಡಬ್ಲ್ಯೂಸಿಎ ಶಾಖೆಯ ಜರ್ಮನ್‌ಟೌನ್ ಹಾರ್ನೆಟ್ಸ್ ತಂಡ ಸೇರಿದರು. ಆ ಋತುವಿನಲ್ಲಿ ತಂಡ 22 ಪಂದ್ಯ ಗೆದ್ದು ಒಂದರಲ್ಲಷ್ಟೇ ಸೋತು, ಕಪ್ಪು ಮಹಿಳೆಯರ ರಾಷ್ಟ್ರೀಯ ಚಾಂಪಿಯನ್ ಎನಿಸಿತು. ಅದರ ಮರುವರ್ಷ ತಂಡ ಸಂಸ್ಥೆಯಿಂದ ಹೊರಬಂದು ಟಿಕೆಟ್ ಹಣದ ಮೇಲೆ ನಡೆಯುವ ವೃತ್ತಿಪರ ತಂಡವಾಯಿತು. ಇದೇ ವೇಳೆಗೆ ಕಪ್ಪುಜನರ ಪತ್ರಿಕೆ ಫಿಲಡೆಲ್ಫಿಯಾ ಟ್ರಿಬ್ಯೂನ್ ಕೂಡ ಮಹಿಳಾ ತಂಡವೊಂದನ್ನು ಕಟ್ಟಿತು. ಇದರ ಹಿಂದಿದ್ದವರು ಪತ್ರಿಕೆಯ ಪ್ರಸಾರ ವಿಭಾಗ ನೋಡಿಕೊಳ್ಳುತ್ತಿದ್ದ, ಹಿಂದೆ ಬೇಸ್‌ಬಾಲ್ ಆಡಿ ಹೆಸರಾಗಿದ್ದ ಓಟೊ ಬ್ರಿಗ್ಸ್. ಲೆಕ್ಕಾಚಾರ ಸರಳ: ತಂಡ ಗೆದ್ದರೆ ಸುದ್ದಿ, ಸುದ್ದಿಯಾದರೆ ಪತ್ರಿಕೆ ಖರ್ಚಾಗುತ್ತದೆ. 1932ರಲ್ಲಿ ಓರಾ ಈ ಟ್ರಿಬ್ಯೂನ್ ಗರ್ಲ್ಸ್ ತಂಡಕ್ಕೆ ಬಂದರು. ನಂತರದ ದಶಕದಲ್ಲಿ ಕಪ್ಪು ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಎಂದರೆ ಈ ತಂಡವೇ ಎಂಬಂತಾಯಿತು.

ಓರಾ ಸೆಂಟರ್ ಸ್ಥಾನದಲ್ಲಿ ಆಡುತ್ತಿದ್ದರು. ಎಡಗೈ ಬಲಗೈ ಎರಡರಲ್ಲೂ ಚೆಂಡು ಎಸೆಯಬಲ್ಲವರಾಗಿದ್ದರು. ಎದುರಾಳಿಯ ಕೈಯಿಂದ ಚೆಂಡು ಕಸಿಯುವುದರಲ್ಲಿ ನಿಸ್ಸೀಮರು. ತಂಡ ದಕ್ಷಿಣದ ರಾಜ್ಯಗಳಿಗೂ ಮಧ್ಯಪಶ್ಚಿಮಕ್ಕೂ ಪ್ರವಾಸ ಹೋಗುತ್ತಿತ್ತು. ದಕ್ಷಿಣದಲ್ಲಿ ಕಪ್ಪುಜನರಿಗೆ ಬಿಳಿಯರ ಹೋಟೆಲುಗಳಲ್ಲಿ ಕೋಣೆ ಸಿಗುತ್ತಿರಲಿಲ್ಲ, ಊಟವೂ ಸಿಗುತ್ತಿರಲಿಲ್ಲ. ಅಂಥ ಊರುಗಳಲ್ಲೇ ಟಿಕೆಟ್ ಕೊಂಡು ಜನ ಇವರ ಆಟ ನೋಡಲು ಸೇರುತ್ತಿದ್ದರು.

1934ರ ಮಾರ್ಚ್‌ನಲ್ಲಿ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ನಗರದ ಬೆನೆಟ್ ಕಾಲೇಜಿನ ವಿರುದ್ಧ ನಡೆದ ಮೂರು ಪಂದ್ಯಗಳ ಸರಣಿ ಇಂದಿಗೂ ನೆನಪಿನಲ್ಲಿದೆ. ಬೆನೆಟ್ ಕಪ್ಪು ಹೆಣ್ಣುಮಕ್ಕಳ ಕಾಲೇಜು. ಅದರ ತಂಡ ಕಾಲೇಜು ತಂಡಗಳಲ್ಲೇ ಬಲಿಷ್ಠವೆನಿಸಿತ್ತು. ಒಂದು ಕಡೆ ಓದಿದ ಮನೆತನದ ವಿದ್ಯಾರ್ಥಿನಿಯರು, ಇನ್ನೊಂದು ಕಡೆ ಮನೆಗೆಲಸದ ಓರಾ ಇದ್ದ ತಂಡ. ಸುಮಾರು ಸಾವಿರ ಜನ ಸೇರಿದ್ದ ಮೊದಲ ಪಂದ್ಯವನ್ನು ಟ್ರಿಬ್ಯೂನ್ ತಂಡ 31–20ರಿಂದ ಗೆದ್ದಿತು. ಉಳಿದೆರಡನ್ನೂ ಬಿಟ್ಟುಕೊಡಲಿಲ್ಲ.

ಆದರೆ ಗಾಳಿ ಬೇರೆ ದಿಕ್ಕಿಗೆ ತಿರುಗುತ್ತಿತ್ತು. ಬೆವರು ಸುರಿಸಿ, ಡಿಕ್ಕಿ ಹೊಡೆದು ಆಡುವುದು ಮರ್ಯಾದಸ್ಥ ಹೆಣ್ಣಿಗೆ ತಕ್ಕದ್ದಲ್ಲ ಎಂಬ ಮಾತು ಕಪ್ಪು ಮಧ್ಯಮವರ್ಗದಲ್ಲೂ ಬೇರೂರಿತು. ಕಾಲೇಜುಗಳು ಒಂದೊಂದಾಗಿ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ಕೈಬಿಟ್ಟವು. 1940ರ ದಶಕದ ಆರಂಭದಲ್ಲಿ, ಎರಡನೇ ಮಹಾಯುದ್ಧದ ದಿನಗಳಲ್ಲಿ, ಟ್ರಿಬ್ಯೂನ್ ತಂಡವೂ ಮುಚ್ಚಿತು. ಮಹಿಳೆಯರಿಗಾಗಿ ಡಬ್ಲ್ಯೂಎನ್‌ಬಿಎ ಎಂಬ ಲೀಗ್ ಅಮೆರಿಕದಲ್ಲಿ ಆಟ ಶುರು ಮಾಡಿದ್ದು 1997ರಲ್ಲಿ. ನಡುವೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಕಳೆದಿತ್ತು.

ಓರಾ 1938ರ ಹೊತ್ತಿಗೆ ಸಿಂಗಲ್ಸ್ ಟೆನಿಸ್ ನಿಲ್ಲಿಸಿದ್ದರು. ಆಗ ಹೊಸ ಚಾಂಪಿಯನ್ ಆಗಿ ಹೆಸರು ಮಾಡಿದ್ದವರು ಫ್ಲೋರಾ ಲೋಮ್ಯಾಕ್ಸ್. ಹಳಬರಿಗೆ ಹೆದರಿಕೆ ಎಂಬ ಮಾತು ಕೇಳಿಬಂದಾಗ ಓರಾ ಬಾಯಲ್ಲಿ ಉತ್ತರ ಕೊಡಲಿಲ್ಲ. 1939ರಲ್ಲಿ ಮತ್ತೆ ಅಂಗಳಕ್ಕಿಳಿದು ಲೋಮ್ಯಾಕ್ಸ್‌ರನ್ನು ಸೋಲಿಸಿ, ಸುಮ್ಮನೆ ಡಬಲ್ಸ್‌ಗೆ ಮರಳಿದರು. 1947ರಲ್ಲಿ ಐವತ್ತರ ಸಮೀಪದಲ್ಲಿದ್ದ ಅವರು ಜಾರ್ಜ್ ಸ್ಟುವರ್ಟ್ ಜೊತೆಗೂಡಿ ಮಿಶ್ರ ಡಬಲ್ಸ್ ಪ್ರಶಸ್ತಿ ಗೆದ್ದರು. ಎದುರಿಗಿದ್ದ ಜೋಡಿಯಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿಯಿದ್ದಳು. ಹೆಸರು ಆಲ್ತಿಯಾ ಗಿಬ್ಸನ್. ಮೂರು ವರ್ಷ ಕಳೆದು 1950ರಲ್ಲಿ ಬಿಳಿಯರ ಸಂಘ ಮೊದಲ ಬಾರಿಗೆ ತನ್ನ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಕಪ್ಪು ಆಟಗಾರ್ತಿಯನ್ನು ಬಿಟ್ಟುಕೊಂಡಿತು. ಅದು ಆಲ್ತಿಯಾರನ್ನು. 1957ರಲ್ಲಿ ಆಲ್ತಿಯಾ ವಿಂಬಲ್ಡನ್ ಗೆದ್ದರು. ಓರಾಗೆ ಆ ಬಾಗಿಲು ತೆರೆಯುವ ಹೊತ್ತಿಗೆ ವಯಸ್ಸು ಮೀರಿತ್ತು.

ನಂತರದ ಬದುಕಿನಲ್ಲಿ ಸಭೆ ಸಮಾರಂಭಗಳಿಲ್ಲ. ಮನೆಗೆಲಸದ ದುಡಿಮೆಯಲ್ಲೇ ಉಳಿಸಿ ಜರ್ಮನ್‌ಟೌನ್‌ನಲ್ಲಿ ಒಂದು ಸಣ್ಣ ವಸತಿ ಕಟ್ಟಡ ಕೊಂಡರು. ಹಳ್ಳಿಯಿಂದ ಬಂದ ನೆಂಟರಿಷ್ಟರಿಗೆ ಆಸರೆಯಾದರು. 1971ರಲ್ಲಿ ತೀರಿಕೊಂಡರು. 1976ರಲ್ಲಿ ಕಪ್ಪು ಕ್ರೀಡಾಪಟುಗಳ ಕೀರ್ತಿಭವನವೊಂದು ಅವರನ್ನು ಗೌರವಿಸಲು ಹೊರಟಿತು. ಅವರು ಬಂದು ಗೌರವ ಸ್ವೀಕರಿಸುತ್ತಾರೆಂದೇ ಸಂಘಟಕರು ಭಾವಿಸಿದ್ದರು. ಓರಾ ತೀರಿಹೋಗಿ ಆಗಲೇ ಐದು ವರ್ಷವಾಗಿತ್ತು. 2004ರಲ್ಲಿ ಅವರು ಆಟ ಕಲಿತ ಬಡಾವಣೆಯಲ್ಲಿ ಸ್ಮಾರಕ ಫಲಕ ನಿಂತಿತು. 2009ರಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ಕೀರ್ತಿಭವನ, 2018ರಲ್ಲಿ ನೈಸ್ಮಿತ್ ಹೆಸರಿನ ಕೀರ್ತಿಭವನ ಅವರ ಹೆಸರನ್ನು ಸೇರಿಸಿಕೊಂಡವು.

ಪ್ರತಿಭೆ ಇದ್ದರೆ ಅವಕಾಶ ತಾನಾಗಿ ಬರುತ್ತದೆ ಎಂದು ನಮಗೆ ಹಲವರು ಹೇಳುತ್ತಾರೆ. ಓರಾ ಬದುಕು ಹಾಗೆ ಹೇಳುವುದಿಲ್ಲ. ಅವರಿಗೆ ಪ್ರತಿಭೆಯೂ ಇತ್ತು, ಶ್ರಮವೂ ಇತ್ತು. ದೊಡ್ಡ ಅವಕಾಶ ಕೊನೆಗೂ ಬರಲಿಲ್ಲ. ನಮ್ಮಲ್ಲಿರುವಂತೆ ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಗುವ ಏರ್ಪಾಡೂ ಅವರಿಗೆ ಇರಲಿಲ್ಲ. ಆದರೂ ಎರಡು ದಶಕಕ್ಕೂ ಹೆಚ್ಚು ಕಾಲ ಆಡಿದರು. ಏಕೆಂದರೆ ಬಡಾವಣೆಯಲ್ಲಿ ಒಂದು ಅಂಗಳವಿತ್ತು, ತಮ್ಮವರೇ ಕಟ್ಟಿಕೊಂಡ ಸಂಘವಿತ್ತು, ತಂಡ ಸಾಕಿದ ಪತ್ರಿಕೆಯಿತ್ತು. ಕೆಲಸಕ್ಕಾಗಿ ಕಾಯುತ್ತಿರುವ, ಮನಸ್ಸಿಗೆ ಒಗ್ಗದ ಕೆಲಸ ಮಾಡುತ್ತಿರುವ ನಮ್ಮಲ್ಲಿ ಅನೇಕರಿಗೆ ಇದು ಅರ್ಥವಾಗುವ ಮಾತು. ಹೊಟ್ಟೆಪಾಡಿಗೆ ಮಾಡುವ ಕೆಲಸವೊಂದೇ ನಮ್ಮ ಗುರುತಾಗಬೇಕಿಲ್ಲ.

ಇನ್ನೊಂದು ಮಾತು. ಓರಾ ಇಂದು ನಮಗೆ ಸಿಕ್ಕಿರುವುದು ಹಳೆಯ ಕಪ್ಪು ಪತ್ರಿಕೆಗಳ ಕ್ರೀಡಾ ಪುಟಗಳಿಂದ. ಯಾರೋ ವರದಿಗಾರರು ಅಂದಿನ ಅಂಕಗಳನ್ನು ಬರೆದಿಟ್ಟಿದ್ದರು. ನಿಮ್ಮ ಕಾಲೇಜಿನ ಹುಡುಗಿಯರ ತಂಡ ಮುಂದಿನ ವಾರ ಆಡುವುದಿದ್ದರೆ ಹೋಗಿ ನೋಡಿ. ಯಾರು ಎಷ್ಟು ಅಂಕ ಗಳಿಸಿದರು ಎಂದು ಬರೆದೂ ಇಡಿ.