ಕಪಾಟಿನ ಬೀಗ ತೆಗೆಸಿದ ಗಣಿತದ ಮೇಷ್ಟ್ರು

ಪ್ರತಿ ವರ್ಷ ಆಗಸ್ಟ್ 12ರಂದು ದೇಶದಾದ್ಯಂತ ಗ್ರಂಥಪಾಲಕರ ದಿನ ಆಚರಿಸಲಾಗುತ್ತದೆ. ಶಾಲೆ-ಕಾಲೇಜುಗಳಲ್ಲಿ ಸದ್ದಿಲ್ಲದೆ ಪುಸ್ತಕ ಜೋಡಿಸಿ, ಮಕ್ಕಳ ಕೈಗೆ ತಲುಪಿಸುವವರ ಸೇವೆಯನ್ನು ನೆನೆಯುವ ದಿನವಿದು. ಇದರ ಹಿಂದಿರುವ ಹೆಸರು ಶಿಯಾಳಿ ರಾಮಾಮೃತ ರಂಗನಾಥನ್. ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿಕೊಂಡ ಅವರು ಈ ವೃತ್ತಿಗೆ ಬಂದದ್ದು ಮಾತ್ರ ಆಕಸ್ಮಿಕ.

1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನನ. ಬಾಲ್ಯದಲ್ಲೇ ತಂದೆಯ ವಿಯೋಗ. ಮಾತಿನಲ್ಲಿ ತೊದಲು. ಇವನ್ನೆಲ್ಲ ಮೀರಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದ ಸ್ನಾತಕೋತ್ತರ ಪದವಿ ಪಡೆದ ಅವರು, 1917ರಲ್ಲಿ ಅಧ್ಯಾಪಕರಾಗಿ ಮೊದಲು ಕಾಲಿಟ್ಟದ್ದು ಮಂಗಳೂರಿನ ಸರಕಾರಿ ಕಾಲೇಜಿಗೆ. ಕರಾವಳಿಯಲ್ಲಿ ಆರಂಭವಾದ ಕನ್ನಡ ನಾಡಿನ ನಂಟು ಬೆಂಗಳೂರಿನಲ್ಲಿ ಕೊನೆಗೊಂಡಿತು.

1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನೇಮಕಗೊಂಡ ಅವರಿಗೆ ಆ ಏಕಾಂತ ಕೆಲವೇ ದಿನಗಳಲ್ಲಿ ಬೇಸರ ತಂದಿತು. ಮತ್ತೆ ಪಾಠಕ್ಕೆ ಮರಳುವ ಆಸೆ. ಲಂಡನ್‌ಗೆ ಹೋಗಿ ಬಂದ ಮೇಲೂ ಬೇಸರ ಹೋಗದಿದ್ದರೆ ಹಳೆಯ ಹುದ್ದೆ ಕೊಡುವ ಭರವಸೆ ಸಿಕ್ಕಿತು. ಆದರೆ ಲಂಡನ್ನಿನಲ್ಲಿ ಬಡವ, ಬಾಲಕ, ಕಾರ್ಮಿಕ ಎಂಬ ಭೇದವಿಲ್ಲದೆ ಎಲ್ಲರಿಗೂ ತೆರೆದಿದ್ದ ಗ್ರಂಥಾಲಯಗಳನ್ನು ಕಂಡ ಗಣಿತದ ಮೇಷ್ಟ್ರ ಮನಸ್ಸು ಬದಲಾಯಿತು. 1925ರಲ್ಲಿ ಮರಳಿದವರು ಮತ್ತೆ ಹಿಂದಿರುಗಿ ನೋಡಲಿಲ್ಲ.

ಅಂದು ಗ್ರಂಥಪಾಲಕನೆಂದರೆ ಪುಸ್ತಕಗಳ ಕಾವಲುಗಾರ. ರಂಗನಾಥನ್ ಈ ಕಲ್ಪನೆಯನ್ನೇ ತಲೆಕೆಳಗು ಮಾಡಿದರು. ಓದುಗರು ತಾವೇ ಕಪಾಟುಗಳ ನಡುವೆ ಓಡಾಡಿ ಪುಸ್ತಕ ಆರಿಸುವ ವ್ಯವಸ್ಥೆ ತಂದರು. ಪುಸ್ತಕ ಇರುವುದು ಬಳಕೆಗೆ, ಓದುಗನ ಸಮಯ ಅಮೂಲ್ಯ, ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂಬ ವಿಚಾರಗಳನ್ನೊಳಗೊಂಡ ಅವರ ಪಂಚಸೂತ್ರಗಳು 1931ರಲ್ಲಿ ಗ್ರಂಥರೂಪ ತಳೆದವು.

1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ ಅವರ ಮತ್ತೊಂದು ಮಹತ್ವದ ಕೊಡುಗೆ. ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡ ಮೆಕ್ಯಾನೊ ಆಟಿಕೆಯೇ ಇದಕ್ಕೆ ಪ್ರೇರಣೆ. ಕೆಲವೇ ಬಿಡಿ ತುಂಡುಗಳಿಂದ ಮಕ್ಕಳು ಹಲವು ಆಕೃತಿಗಳನ್ನು ಕಟ್ಟುವಂತೆ, ವಿಷಯವನ್ನೂ ಬಿಡಿಸಿ ಜೋಡಿಸಬಹುದೆಂದು ಅವರು ಕಂಡುಕೊಂಡರು. ಭಾರತದಲ್ಲಿ ಕ್ಷಯರೋಗದ ಚಿಕಿತ್ಸೆ ಕುರಿತ ಪುಸ್ತಕವೆಂದರೆ ರೋಗ, ಚಿಕಿತ್ಸೆ, ದೇಶ ಎಂಬ ಮುಖಗಳನ್ನು ಕೂಡಿಸಿ ಸಂಖ್ಯೆ ರಚಿಸುವುದು. ಇಂದು ಗಣಕಯಂತ್ರದಲ್ಲಿ ಲೇಖಕ, ವಿಷಯ, ವರ್ಷ ಎಂದು ಆರಿಸುತ್ತಾ ಹುಡುಕಾಟವನ್ನು ಕಿರಿದಾಗಿಸುವ ವಿಧಾನ ಇದೇ ಚಿಂತನೆಗೆ ಹತ್ತಿರದ್ದು.

ಬನಾರಸ್ ಮತ್ತು ದೆಹಲಿಯಲ್ಲಿ ಸೇವೆ ಸಲ್ಲಿಸಿ, ಕೆಲಕಾಲ ಜ್ಯೂರಿಕ್‌ನಲ್ಲಿದ್ದು, 1957ರಲ್ಲಿ ಅವರು ಬೆಂಗಳೂರಿನಲ್ಲಿ ನೆಲೆಸಿದರು. ಪದ್ಮಶ್ರೀ ಗೌರವ ಸಂದದ್ದೂ ಅದೇ ವರ್ಷ. 1962ರಲ್ಲಿ ಇಲ್ಲಿ ಅವರು ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಗ್ರಂಥಾಲಯ ತಂತ್ರಜ್ಞರ ಪೀಳಿಗೆಗಳನ್ನೇ ರೂಪಿಸಿತು. 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕ ಗೌರವ ಲಭಿಸಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ನಿಧನರಾದರು.

ತಮ್ಮ ಉಳಿತಾಯದಿಂದ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ದಾನವಿತ್ತು, ಪತ್ನಿ ಶಾರದಾ ಅವರ ಹೆಸರಿನಲ್ಲಿ ಪೀಠ ಸ್ಥಾಪಿಸಿದ ಸರಳಜೀವಿ ಅವರು.

ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದೀತೆಂಬ ಭಯದಿಂದ ಕಪಾಟಿಗೆ ಬೀಗ ಜಡಿಯುವ ಶಾಲೆಗಳು ಇಂದಿಗೂ ಇವೆ. ಕಳೆದುಹೋದ ಪುಸ್ತಕಕ್ಕಿಂತ ಯಾರೂ ತೆರೆಯದ ಪುಸ್ತಕವೇ ದೊಡ್ಡ ನಷ್ಟವೆಂಬುದು ರಂಗನಾಥನ್ ಬದುಕಿನ ಪಾಠ. ಗ್ರಂಥಪಾಲಕರಿಗೆ ಹಾರ ಹಾಕುವುದರ ಜೊತೆಗೆ ಆ ಬೀಗವನ್ನೂ ತೆಗೆದರೆ ಅವರಿಗೆ ಸಲ್ಲಿಸುವ ನಿಜವಾದ ಗೌರವ ಅದಾದೀತು.